ಎಡಕ್ಕೇ ತಿರುಗುವ ಹುಡುಗಿ

ತರಬೇತಿ ಶಿಬಿರ
ಶುಕ್ರವಾರ, ಮಧ್ಯಾಹ್ನ

ಬುಗುರಿಯ ಅಮ್ಮನಿಗೆ,

ಹೆಸರು ಹಿಡಿದು ಕರೆಯುವ ಸಲುಗೆ ನನಗೆ ಉಳಿದಿಲ್ಲ, ಅದಕ್ಕೇ ಹೀಗೆ. ಈ ಪತ್ರ ನಿನ್ನ ಕೈಸೇರುವ ಹೊತ್ತಿಗೆ ನಮ್ಮ ಮಗಳೂ ಮನೆಯಲ್ಲಿರುತ್ತಾಳೆ. ಅವಳನ್ನು ಕರೆತರುವ ಮೇಲ್ವಿಚಾರಕಿಯ ಹತ್ತಿರವೇ ಕೊಟ್ಟು ಕಳಿಸಿದ್ದೇನೆ. ರಾಷ್ಟ್ರೀಯ ಕಿರಿಯರ ಫುಟ್‌ಬಾಲ್ ತಂಡದಿಂದ ಅವಳನ್ನು ಕೈಬಿಟ್ಟವನು ನಾನೇ. ಬೇರೆ ಯಾರನ್ನೂ ಬಯ್ಯಬೇಡ.

ಈ ತಿಂಗಳು ಪೂರ್ತಿ, ಚೆಂಡು ಸಿಕ್ಕಾಗಲೆಲ್ಲ ಅವಳು ಎಡಕ್ಕೇ ತಿರುಗುತ್ತಿದ್ದಳು. ಮಿಡ್‌ಫೀಲ್ಡ್‌ನಲ್ಲಿ ಆಡುವವರು ಎರಡೂ ಕಡೆ ತಿರುಗಬೇಕು, ಇಲ್ಲದಿದ್ದರೆ ಎದುರಾಳಿ ಆಗಲೇ ಅಲ್ಲಿ ಕಾದು ನಿಂತಿರುತ್ತಾಳೆ. ನನ್ನ ಸಹಾಯಕರು ಅದೇ ಅವಳ ಸ್ಟೈಲು, ಎಷ್ಟು ಚೆಂದ ಅಂದರು. ನಾನು ಮಾತ್ರ ಅವಳ ಎಡಮಂಡಿಯನ್ನೇ ನೋಡುತ್ತಿದ್ದೆ. ನನ್ನ ಕೊನೆಯ ವರ್ಷದ ಆಟ ನಿನಗೆ ನೆನಪಿರಬೇಕು. ಎಡಮಂಡಿಯ ಮೇಲೆ ಭಾರ ಬೀಳದ ಹಾಗೆ ನಾನೂ ಎಡಕ್ಕೇ ತಿರುಗುತ್ತಿದ್ದೆ. ಇಡೀ ಗ್ಯಾಲರಿ ನನ್ನ ಮಂಡಿನೋವಿಗೆ ಚಪ್ಪಾಳೆ ತಟ್ಟಿತು. ಮನೆಗೆ ಬಂದರೆ ಬಚ್ಚಲಿನಿಂದ ಎಬ್ಬಿಸಲು ನೀನೇ ಬರಬೇಕಿತ್ತು. ಆಟ ಬಿಟ್ಟವನು ಕೋಚ್ ಆದಾಗ, ಮೈದಾನ ಬಿಡೋ ಬುದ್ಧಿ ಇನ್ನೂ ಬರ್ಲಿಲ್ವಾ ಅಂತ ಕೇಳಿ ನೀನು ತವರಿಗೆ ಹೊರಟೆ.

ಅವಳ ಮಂಡಿಯನ್ನು ತಂಡದ ಡಾಕ್ಟರಿಗೆ ತೋರಿಸಿದೆ. ಪಟ್ಟಿ ಕಟ್ಟಿ ಇಂಜೆಕ್ಷನ್ ಕೊಟ್ಟರೆ ಈ ಪಂದ್ಯಾವಳಿ ದಾಟಿಸಬಹುದು, ಆಮೇಲಿನದು ಆಮೇಲೆ ಅಂದರು. ಅವಳ ಮುಖ ಅರಳಿತು. ನಾನು ಬೇಡ ಅಂದೆ. ಎಲ್ಲರ ಮುಂದೆಯೇ ಕೇಳಿದಳು, ಇದು ಕೋಚ್ ಹೇಳ್ತಿರೋದಾ, ಅಪ್ಪ ಹೇಳ್ತಿರೋದಾ ಅಂತ. ಕೋಚ್ ಅಂದೆ. ನಿನ್ನ ಆಟ ಈ ತಂಡಕ್ಕೆ ಸಾಲದು ಅಂತಲೂ ಸೇರಿಸಿದೆ. ಅಪ್ಪನ ಮಾತಾದರೆ ಅವಳು ಜಗಳ ಆಡಿ ಗೆದ್ದುಬಿಡುತ್ತಾಳೆ, ನಿನಗೆ ಗೊತ್ತಲ್ಲ.

ಅವಳು ಅಳಲಿಲ್ಲ. ಜೆರ್ಸಿ ಮಡಚಿ ಬೆಂಚಿನ ಮೇಲಿಟ್ಟು, ಆಯ್ತು ಸಾರ್ ಅಂದಳು. ಎಷ್ಟು ಗದರಿಸಿದರೂ ಶಿಬಿರದಲ್ಲೂ ಅಪ್ಪಾ ಅಂತಲೇ ಕೂಗುತ್ತಿದ್ದವಳು. ನನ್ನ ಜೀವವೇ ಹೋದಂತಾಯಿತು.

ಒಳ್ಳೆಯ ಮೂಳೆ ಡಾಕ್ಟರಿಗೆ ತೋರಿಸು. ಆ ಮಂಡಿ ಮತ್ತೆ ಆಟಕ್ಕೆ ಬರುತ್ತದೆ ಅಂತ ನನಗೇನೂ ನಂಬಿಕೆಯಿಲ್ಲ. ಅವಳು ನನ್ನನ್ನು ಬಯ್ದರೆ ನೀನೂ ದನಿಗೂಡಿಸು, ಅದರಲ್ಲಿ ನಿನ್ನ ಕೈ ಪಳಗಿದೆ. ಅವಳ ಆಟ ಸಾಲದು ಅಂದದ್ದು ಸುಳ್ಳು ಅಂತ ಮಾತ್ರ ಹೇಳಬೇಡ. ಗೊತ್ತಾದರೆ ನಾಳೆಯೇ ಓಡಿ ಬರುತ್ತಾಳೆ. ನನಗೆ ಇಲ್ಲಿ ಯಾವುದೂ ಬೇಡವಾಗಿದೆ. ಸೀಟಿ ಬಾಯಿಗಿಟ್ಟರೆ ಊದಲು ಉಸಿರೇ ಇಲ್ಲ.

ಇಂತಿ,
ಅವಳ ಅಪ್ಪ

ತಾ.ಕ.: ಬುಗುರಿಯ ಜಾಗಕ್ಕೆ ತೆಗೆದುಕೊಂಡ ಹುಡುಗಿಯ ಪಾದವೂ ಬಾತಿದೆ. ಬೆಳಿಗ್ಗೆ ಅವಳ ಅಮ್ಮ ಫೋನ್ ಮಾಡಿ, ನಿಮ್ಮ ಕೈಲಿದಾಳೆ ಸಾರ್, ನಮಗೇನೂ ಚಿಂತೆ ಇಲ್ಲ ಅಂದರು. ಇಂಜೆಕ್ಷನ್ ಕೊಡಿಸಿದ್ದೇನೆ. ಭಾನುವಾರ ಆಡಿಸುತ್ತೇನೆ.