ನನ್ನ ಹೆಸರಿನಲ್ಲಿ ಅಚ್ಚಾದ ನಿನ್ನ ಪದ್ಯ

ಲಂಡನ್ನಿನ ಕಾಫಿ ಮನೆಗಳಲ್ಲಿ ನೆರೆದ ಮಹನೀಯರೇ, ಕೇಳಿರಿ! ಹೀಗೆ ಕೂಗಿಯೇ ನನಗೆ ಅಭ್ಯಾಸ, ಟಬಿತಾ. ಕೇಳಬೇಕಾದ ನೀನು ಮಾತ್ರ ಮಣ್ಣಿನಲ್ಲಿದ್ದೀಯ.

ತೀರಿಹೋದ ನಿನ್ನ ಮಗಳ ಮೇಲೆ ಬರೆದ ಪದ್ಯವನ್ನು ನೀನು ನನ್ನನ್ನು ನಂಬಿ, ಅಂದವಾಗಿ ನಕಲು ಬರೆದುಕೊಡಲೆಂದು ಕೊಟ್ಟಿದ್ದೆ. ನಾನು ಅದನ್ನು ನನ್ನದೆಂದು ಕವನ ಸಂಕಲನದಲ್ಲಿ ಅಚ್ಚು ಹಾಕಿಸಿದೆ. ಇವತ್ತು ಕಾಫಿ ಮನೆಯೊಂದರಲ್ಲಿ ಅದನ್ನು ಎಲ್ಲರೆದುರು ಗಟ್ಟಿಯಾಗಿ ಓದಿದರು. ಮುದ್ರಕ ಪಿನಕ್ ವಿಗ್ಗಿನ ತುದಿಯಿಂದ ಕಣ್ಣೊರೆಸಿಕೊಂಡು, "ಅಲ್ಲಯ್ಯಾ ಲವೆಲ್, ಮದುವೇನೇ ಆಗದ ನಿಂಗೆ ಮಗಳೆಲ್ಲಿಂದ ಬಂದ್ಲು? ಪಾಪ, ಹೆಸರೇನಿತ್ತೋ?" ಎಂದ.

ನಾನು ನಾಟಕದ ತಂದೆಯಂತೆ ಎದೆ ಹಿಡಿದುಕೊಂಡು, ಬಾಯಿಗೆ ಬಂದ ಹೆಸರು ಹೇಳಿಬಿಟ್ಟೆ. ನಿನ್ನ ಮಗಳ ಹೆಸರನ್ನು ನಾನು ಎಂದೂ ಕೇಳಿರಲಿಲ್ಲ.

ನಾಳೆ ಬೆಳಿಗ್ಗೆ ನಿಮ್ಮ ಚರ್ಚಿನ ಹುಟ್ಟು-ಸಾವಿನ ದಾಖಲೆ ಪುಸ್ತಕದಲ್ಲಿ ಅವಳ ಹೆಸರನ್ನು ಹುಡುಕುತ್ತೇನೆ. ಆಮೇಲೆ ಅದೇ ಕಾಫಿ ಮನೆಗೆ ಹೋಗಿ, ನಿಮ್ಮಿಬ್ಬರ ಹೆಸರನ್ನೂ ಕೂಗಿ ಹೇಳುತ್ತೇನೆ.