ಆರನೇ ನಂಬರಿನವಳು

ಬೆಟಗೇರಿ
ರವಿವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ಅಜಯಾ,

ಮೊದಲು ನಿನ್ನ ಮೈ ಹೇಗಿದೆ ಹೇಳು. ಮುಂಜಾನೆ ತಂಪಿನಲ್ಲಿ ಮೈದಾನದಲ್ಲಿ ನಿಂತು ಸೀಟಿ ಊದಿ ಊದಿ ಗಂಟಲು ಕಟ್ಟುತ್ತದೆ ಎಂದಿದ್ದೆಯಲ್ಲ, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳುತ್ತೀಯೋ ಇಲ್ಲವೋ? ಹುಡುಗರಿಗೆ ಮೊಳಕೆ ಕಾಳು ತಿನ್ನಿರಿ ಎಂದು ಪಾಠ ಹೇಳುವವನು ತಾನು ಮಾತ್ರ ಬರೀ ಚಹಾ ಕುಡಿದು ಹೊತ್ತು ಕಳೆಯುತ್ತಾನೆ ಎಂದು ನನಗೆ ಗೊತ್ತು. ಮೆಸ್ಸಿನ ಅನ್ನ ಒಗ್ಗದಿದ್ದರೆ ಹೇಳು, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತೇನೆ. ಸಿಟ್ಟು ಬೇರೆ, ಹೊಟ್ಟೆ ಬೇರೆ. ಇಲ್ಲಿ ನಿಮ್ಮಪ್ಪ ಆರಾಮ. ಮಗ್ಗದಲ್ಲಿ ಕೂತರೆಂದರೆ ಯಾರಾದರೂ ಎಬ್ಬಿಸುವ ತನಕ ಊಟಕ್ಕೂ ಏಳುವುದಿಲ್ಲ. ನನ್ನ ಮೊಣಕಾಲು ಹೇಗಿದೆಯೋ ಹಾಗೇ ಇದೆ, ಅದರ ಸುದ್ದಿ ಮುಂದೆ ಬರುತ್ತದೆ. ನಿನ್ನ ಹೆಂಡತಿ ಅನುರಾಧಾಳ ಬಗ್ಗೆ ಕೇಳುತ್ತೀಯಲ್ಲವೇ? ಆಕೆಯ ವಿಷಯಕ್ಕೇ ಈ ಕಾಗದ.

ಫೋನಿದ್ದೂ ಅವ್ವ ಕಾಗದ ಯಾಕೆ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ನಾನು ಎರಡು ಮಾತಾಡುವುದರೊಳಗೆ 'ಅವ್ವಾ, ಕ್ಲಾಸ್ ಐತಿ, ಆಮ್ಯಾಲೆ ಮಾತಾಡ್ತೀನಿ' ಎಂದು ಇಟ್ಟುಬಿಡುತ್ತೀ. ಆ 'ಆಮ್ಯಾಲೆ' ಬಂದದ್ದನ್ನು ನಾನು ನೋಡಿಲ್ಲ. ಕಾಗದಕ್ಕೆ ಹಾಗೆ ಹೇಳಲು ಬರುವುದಿಲ್ಲ. ಏಳನೇ ತರಗತಿ ಕಲಿತವಳ ಅಕ್ಷರ, ಸಾವಕಾಶವಾಗಿ ಓದು.

ಹೋದ ವರ್ಷ ದೀಪಾವಳಿಗೆ ಬಂದವನು ಹೋಳಿಗೆಗೆ ಕೈ ಹಚ್ಚುವ ಮುಂಚೆ ಓಣಿಯಲ್ಲಿ ಸುಣ್ಣದ ಗೆರೆ ಎಳೆದೆ. ಕ್ರೀಡೆಯ ತರಬೇತಿ ಪಡೆದ ಹೆಣ್ಣುಮಕ್ಕಳು ಹೇಗೆ ನಡೆಯುತ್ತಾರೆ, ಮನೆಗೆಲಸ ಬಿಟ್ಟು ಬೇರೆ ಏನೂ ಮಾಡದವರು ಹೇಗೆ ನಡೆಯುತ್ತಾರೆ, ಇಬ್ಬರನ್ನೂ ಅಳೆದು ನೋಡುವುದೇ ನಿನ್ನ ಪಿಎಚ್.ಡಿ ಎಂದು ಎಲ್ಲರಿಗೂ ತಿಳಿಸಿ ಹೇಳಿದೆ. ಕಿನಿಸಿಯಾಲಜಿ ಅಂದೆ, ಚಲನಶಾಸ್ತ್ರ ಅಂದೆ. ನಿಮ್ಮಪ್ಪ ಮಗ್ಗದ ತಗ್ಗಿನಲ್ಲಿ ಕಾಲಿಳಿಬಿಟ್ಟು ಕೂತೇ 'ನಡಿಯೂದಕ್ಕೂ ಕಾಲೇಜ ಐತೇನಲೇ?' ಎಂದು ಕೇಳಿದರು. ಅವರ ಬಾಯಿ ಮುಚ್ಚಿಸಿದವಳು ನಾನು. ಮಗ ಕಲಿಯುತ್ತಿದ್ದಾನೆ ಅಂದರೆ ಅದರಲ್ಲಿ ಏನೋ ಇದ್ದೇ ಇರುತ್ತದೆ ಎಂದು ನಂಬುವವಳು. ಎದುರು ಮನೆಯ ಸಬೀನಾ, ಮೂಲೆ ಮನೆಯ ಸಾವಿತ್ರೆವ್ವ, ಹಬ್ಬದ ಕೆಲಸ ಬಿಟ್ಟು ಬಂದು ಸಾಲಾಗಿ ನಿಂತರು. ಸೀರೆ ಮೊಣಕಾಲ ತನಕ ಎತ್ತಿ ಕಟ್ಟಿಕೊಳ್ಳಿರಿ ಅಂದಾಗ ನಾಚಿದರು, ಆದರೂ ಗೋಪಣ್ಣನ ಮಗ, ನಾವು ಆಡಿಸಿದ ಕೂಸು ಎಂದು ಒಪ್ಪಿದರು. ಟೊಂಕಕ್ಕೆ, ಮೊಣಕಾಲಿಗೆ, ಹಿಮ್ಮಡಿಗೆ ಬಿಳಿ ಚುಕ್ಕೆ ಅಂಟಿಸುವ ಕೆಲಸ ಅನುರಾಧಾಳದು. 'ಟಿಕಳಿ ಹಣಿಗೆ ಹಚ್ಚೂದು ಗೊತ್ತೈತಿ, ಮೊಣಕಾಲಿಗೆ ಹಚ್ಚೂದು ಇದ ಮೊದಲು' ಎಂದು ಸಾವಿತ್ರೆವ್ವ ನಕ್ಕಿದ್ದೇ ನಕ್ಕಿದ್ದು. ನನ್ನನ್ನೂ ಹಿಂದೆ ಮುಂದೆ ನಡೆಸಿದೆ. 'ಅವ್ವಾ, ಇನ್ನೊಮ್ಮೆ. ಅವ್ವಾ, ಇನ್ನೊಮ್ಮೆ.' ಮೊಣಕಾಲು ಎಷ್ಟು ಮಡಚುತ್ತದೆ ಎಂದು ಬರೆದುಕೊಂಡೆ.

ಕಡೆಗೆ ಮನೆಗೆಲಸದವರ ಲೆಕ್ಕಕ್ಕೆ ಒಬ್ಬ ಹೆಂಗಸು ಕಡಿಮೆ ಬಿದ್ದಳು. ಬರುತ್ತೇನೆ ಎಂದಿದ್ದ ಮರಿಯವ್ವ ತವರಿಗೆ ಹೋಗಿಬಿಟ್ಟಿದ್ದಳು. ಇನ್ನೊಮ್ಮೆ ರಜೆ ಸಿಗುವುದಿಲ್ಲ, ಗೈಡ್ ಸಾಹೇಬರು ಅವಸರ ಮಾಡುತ್ತಿದ್ದಾರೆ ಎಂದು ತಲೆ ಕೆರೆದುಕೊಂಡು ಅನುರಾಧಾಳ ಕಡೆ ನೋಡಿದೆ. ಆಕೆ ಏನಂದಳು, ನೀನು ಏನಂದೆ, ಎಲ್ಲವನ್ನೂ ಬಾಗಿಲಲ್ಲಿ ನಿಂತು ಕೇಳಿದ್ದೇನೆ. 'ನಾ ಓಡಿದಾಕಿರಿ. ನನ್ನ ಇದರಾಗ ಹಿಡದ್ರ ಲೆಕ್ಕನ ತಪ್ಪತೈತಿ' ಅಂದಳು. ಅದಕ್ಕೆ ನೀನು, 'ಈಗೇನ ಓಡ್ತಿಯೇನು? ಆತು, ನಡಿ' ಅಂದೆ. ಆಕೆ ತನ್ನ ಕಾಲಿಗೆ ತಾನೇ ಚುಕ್ಕೆ ಅಂಟಿಸಿಕೊಂಡು ನಡೆದಳು. ಅವತ್ತಿನಿಂದ ಆಕೆ ನಿನ್ನ ಪಟ್ಟಿಯಲ್ಲಿ ಆರನೇ ನಂಬರು.

ಈ ಜುಲೈನಲ್ಲಿ ನಿಮ್ಮ ವಿಭಾಗದ ವಿಚಾರಗೋಷ್ಠಿಗೆ ನಮ್ಮನ್ನು ಕರೆಸಿದೆ. ಅಳತೆಗೆ ನಿಂತ ಹೆಂಗಸರಿಗೆ ಶಾಲು, ಹಣ್ಣು ಕೊಡುತ್ತಾರೆ ಎಂದೆ. ಉಳಿದವರಿಗೆ ಕೆಲಸ ಬಿಡಲಿಲ್ಲ, ನಾನು, ಅನುರಾಧಾ ಇಬ್ಬರೇ ಬಂದೆವು. ನಿಮ್ಮಪ್ಪ ನೇಯ್ದ ಹೊಸ ಸೀರೆಗಳನ್ನು ಉಟ್ಟುಕೊಂಡು ಮೂರನೇ ಸಾಲಿನಲ್ಲಿ ಕೂತೆವು. ಪರದೆಯ ಮೇಲೆ ನಮ್ಮ ಓಣಿ ಬಂತು, ನಳದ ಕಟ್ಟೆ ಬಂತು, ನಾವು ನಡೆದು ಬಂದೆವು. ಎಲ್ಲರ ಮುಖದ ಮೇಲೆ ಕರೀ ಪಟ್ಟಿ. ಗುರುತು ಮುಚ್ಚುವುದು ನಿಯಮ ಎಂದು ಅನುರಾಧಾ ಕಿವಿಯಲ್ಲಿ ಹೇಳಿದಳು. ಮುಚ್ಚಲಿ, ಅದರಲ್ಲಿ ತಪ್ಪಿಲ್ಲ. ಆದರೆ ನೀನು ಮೈಕ್ ಹಿಡಿದು, 'ಇವರೆಲ್ಲ ಗೃಹಿಣಿಯರು. ಇವರಲ್ಲಿ ಯಾರೂ ಜೀವನದಲ್ಲಿ ಮೈದಾನ ಕಂಡವರಲ್ಲ' ಅಂದೆ. ಅದನ್ನು ಕೇಳಿದ ಮೇಲೆ ಮುಂದಿನ ಹತ್ತು ಮಾತು ನನ್ನ ಕಿವಿಗೆ ಬೀಳಲಿಲ್ಲ. ಆಮೇಲೆ ಮುಂದಿನ ಸಾಲಿನಿಂದ ಒಬ್ಬ ಮೇಡಂ ಎದ್ದು, ಆರನೇ ನಂಬರಿನವರ ಹೆಜ್ಜೆ ಬೇರೆ ಇದೆಯಲ್ಲ, ಹಿಮ್ಮಡಿ ಎತ್ತುವ ರೀತಿ ನೋಡಿದರೆ ಓಡಿ ರೂಢಿ ಇದ್ದವರ ಹಾಗೆ ಕಾಣುತ್ತದೆ ಎಂದು ಕೇಳಿದರು. ಖರೆ ಹೇಳಲು ದೇವರು ನಿನಗೆ ಕೊಟ್ಟ ಸಂಧಿ ಅದು. 'ಇಲ್ಲ ಮೇಡಂ, ದಿನಾ ನಳದಿಂದ ಕೊಡ ಹೊತ್ತು ಹೊತ್ತು ಹಾಗಾಗಿರಬೇಕು' ಎಂದು ನೀನು ನಕ್ಕೆ. ಸಭೆಯೂ ನಕ್ಕಿತು. ನೀನು ಮೂರನೇ ಸಾಲಿನ ಕಡೆ ಕಣ್ಣೆತ್ತಲಿಲ್ಲ. ಮುಖ ಮುಚ್ಚಿದ ಹೆಂಗಸಿನ ಬರೀ ಕಾಲು ನೋಡಿ ಆ ಮೇಡಂಗೆ ತಿಳಿದದ್ದನ್ನು, ಐದು ವರ್ಷ ಸಂಸಾರ ಮಾಡಿದವನು ಇಲ್ಲ ಅಂದ.

ಊಟದ ಹೊತ್ತಿಗೆ ಬಂದು ಹೇಗಾಯಿತವ್ವಾ ಎಂದು ಕೇಳಿದೆ. ಛಲೋ ಆತು ಅಂದೆ ನಾನು. ಹೊರಗಿನವರ ಮುಂದೆ ಮಗನ ಮಾನ ಕಳೆಯುವ ಗುಣ ನನ್ನದಲ್ಲ. ಅನುರಾಧಾ ನಿನಗೆ ನೀರು ತಂದುಕೊಟ್ಟಳು, ನೀನು ಕುಡಿದೆ. ಬಸ್ಸು ಊರ ಸಮೀಪದ ಬಿಂಕದಕಟ್ಟಿಗೆ ಬರುವ ತನಕ ಆಕೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಆಮೇಲೆ, 'ಅತ್ತಿ, ನಾ ಓಡಿದ್ದ ಓಟಾನ ಆಗಿಲ್ಲಂದ್ರಲ್ರಿ ಅವ್ರು' ಅಂದಳು. ಅಳಲಿಲ್ಲ. ಅಳುವವರನ್ನು ಸಮಾಧಾನ ಮಾಡಲು ನನಗೆ ಬರುತ್ತದೆ. ಅಳದೆ ಕೂತವಳ ಪಕ್ಕದಲ್ಲಿ ಶಾಲನ್ನು ಮಡಚುತ್ತ ಬಿಚ್ಚುತ್ತ ಬಂದೆ.

ಅಜಯಾ, ನಾನು ಆ ಹುಡುಗಿಯನ್ನು ಮೊದಲು ಕಂಡದ್ದೇ ಮೈದಾನದಲ್ಲಿ. ನಿನ್ನ ಓಟ ನೋಡಲು ಗದಗಿನ ಕ್ರೀಡಾಂಗಣಕ್ಕೆ ಬುತ್ತಿ ಕಟ್ಟಿಕೊಂಡು ಬಂದಿದ್ದೆ. ನೀನು ಹೊಟ್ಟೆ ಹಿಡಿದುಕೊಂಡು ಅರ್ಧಕ್ಕೇ ಹೊರಗೆ ಬಂದೆ. ಬರಲಿ, ಎಲ್ಲರೂ ಗೆಲ್ಲುವುದಿಲ್ಲ. ಹುಡುಗಿಯರ ಓಟಕ್ಕೆ ಮೊಣಕಾಲ ತನಕದ ನೀಲಿ ಚಡ್ಡಿ ಹಾಕಿಕೊಂಡು ಬಂದ ಒಬ್ಬಳಿದ್ದಳು. ಮುಂಡರಗಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡ ಪುಂಡಲೀಕಪ್ಪ, ಶಾಲೆ ಹುಡುಗರ ಸಮವಸ್ತ್ರ ಹೊಲಿದು ಉಳಿದ ಬಟ್ಟೆಯಲ್ಲಿ ಮಗಳಿಗೆಂದು ತಾನೇ ಹೊಲಿದ ಚಡ್ಡಿ. ಆಕೆ ಓಡಿದ್ದನ್ನು ನೋಡಿ ನಾನು ಸೆರಗು ಜಾರಿದ್ದೂ ತಿಳಿಯದೆ ಎದ್ದು ನಿಂತು ಚಪ್ಪಾಳೆ ಹೊಡೆದೆ. ನಿನಗೆಂದು ತಂದ ಸಿಹಿ ಮಾದಲಿಯಲ್ಲಿ ಅರ್ಧ ಆಕೆಗೆ ಕೊಟ್ಟೆ. ಈ ಹುಡುಗಿ ನಮ್ಮ ಮನೆಗೇ ಬರಬೇಕು ಎಂದು ಹಟ ಹಿಡಿದವಳು ನಾನು. ನಿಶ್ಚಯದ ದಿನ ಪುಂಡಲೀಕಪ್ಪ ಬೇರೆ ಏನೂ ಕೇಳಲಿಲ್ಲ. 'ಒಂದ ಮಾತು ಕೊಡ್ರಿ ಅಕ್ಕಾರ. ಹುಡುಗಿ ಬಿ.ಪಿ.ಎಡ್ ಮಾಡ್ಲಿ, ಸಾಲಿಯೊಳಗ ಆಟದ ಟೀಚರ ಆಗ್ಲಿ' ಅಂದ. ನೀನು ಗೋಣು ಹಾಕಿದೆ, ನಾನು ಮಾತು ಕೊಟ್ಟೆ.

ಮದುವೆಯಾದ ಮೇಲೆ, ಮೊದಲು ನನ್ನ ಎಂ.ಪಿ.ಎಡ್ ಮುಗಿಯಲಿ ಅಂದೆ ನೀನು. ಮುಗಿಯಿತು. ಪಿಎಚ್.ಡಿಗೆ ಸೇರಿಕೊಳ್ಳುತ್ತೇನೆ, ಆಮೇಲೆ ನೋಡೋಣ ಅಂದೆ. ಸೇರಿದೆ. ಈ ಆಗಸ್ಟಿನಲ್ಲಿ ಬಿ.ಪಿ.ಎಡ್‌ಗೆ ಅರ್ಜಿ ಕರೆದಾಗ ಆಕೆ ತಾನೇ ನಿನಗೆ ಫೋನ್ ಹಚ್ಚಿ ಕೇಳಿದಳು. ನಾನು ಪಕ್ಕದಲ್ಲೇ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. 'ಅವ್ವನ ಮೊಣಕಾಲು ಹಂಗೈತಿ, ನೀ ಬಂದ್ರ ಅಕಿನ್ನ ಯಾರ ನೋಡ್ಕೋತಾರ? ಒಂದ ಮನ್ಯಾಗ ಎಷ್ಟ ಮಂದಿ ಸೀಟಿ ಊದೂದು?' ಅಂದೆಯಲ್ಲ, ಸ್ಪೀಕರಿನಲ್ಲಿ ಎಲ್ಲ ಕೇಳಿಸಿತು. ನನ್ನ ಮೊಣಕಾಲು ನಿನಗೆ ಎರಡು ಸಲ ಉಪಯೋಗಕ್ಕೆ ಬಂತು ನೋಡು, ಒಮ್ಮೆ ಪರದೆಯ ಮೇಲೆ ತೋರಿಸಲು, ಒಮ್ಮೆ ಹೆಂಡತಿಯ ಬಾಯಿ ಮುಚ್ಚಿಸಲು. ನೋಯುತ್ತದೆಯೇ ಎಂದು ಒಂದು ದಿನವೂ ಕೇಳಲಿಲ್ಲ. ನೋಯುತ್ತದಪ್ಪ. ಮೊದಲು ಇನ್ನೂ ನೋಯುತ್ತಿತ್ತು. ಅನುರಾಧಾ ದಿನಾ ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಕಾಲು ಚಾಚಿಸಿ, ಮಡಚಿಸಿ, ಬೈದು ಬೈದು ಮಾಡಿಸಿದ ಮೇಲೆ ನಾನೊಬ್ಬಳೇ ಮಗ್ಗದ ತಗ್ಗಿಗೆ ಇಳಿದು ಹತ್ತುತ್ತೇನೆ. ನೀನು ಕಲಿತ ವಿದ್ಯೆ ನಮ್ಮ ಮನೆಯಲ್ಲಿ ನನಗೆ ಮುಟ್ಟಿದ್ದು ಆಕೆಯ ಕೈಯಿಂದ.

ಫೋನ್ ಇಟ್ಟ ಮರುದಿನ ಮುಂಜಾನೆ ಆಕೆ ಟ್ರಂಕಿನಿಂದ ಹಳೇ ಬೂಟು ತೆಗೆದಳು. ಅಡಿ ಕಿತ್ತು ಬಂದಿತ್ತು. ಬರಿಗಾಲಲ್ಲೇ ಊರ ಹೊರಗಿನ ರಸ್ತೆಗೆ ಹೋಗಿ ಓಡಿದಳು. ಮೊದಲ ದಿನ ಏದುಸಿರು ಬಿಡುತ್ತ ನಡುದಾರಿಯಲ್ಲಿ ಕೂತುಬಿಟ್ಟಳಂತೆ, ಮನೆಗೆ ಬಂದು ಅದನ್ನು ಹೇಳುವಾಗ ಮಾತ್ರ ನನ್ನ ಮುಂದೆ ಕಣ್ಣೀರು ಹಾಕಿದಳು. ಮತ್ತೆ ಮರುದಿನ ಹೋದಳು. ಸೊಸೆ ಎಲ್ಲಿ ಎಂದು ಓಣಿಯವರು ಕೇಳಿದರೆ, ನನ್ನ ಮೊಣಕಾಲಿಗೆ ಎಣ್ಣೆ ತರಲು ಹೋಗಿದ್ದಾಳೆ ಎನ್ನುತ್ತಿದ್ದೆ. ನನ್ನ ಮೊಣಕಾಲನ್ನು ನೆಪ ಮಾಡುವುದು ನಿನಗೊಬ್ಬನಿಗೇ ಬರುತ್ತದೆ ಎಂದು ತಿಳಿಯಬೇಡ.

ನೀನು ಕೆಟ್ಟವನಲ್ಲ. ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಓಣಿಯಲ್ಲಿ ನಿನ್ನ ಹೆಸರು ಹೇಳಿ ತಮ್ಮ ಮಕ್ಕಳನ್ನು ಬೈಯುತ್ತಾರೆ. ಕೆಟ್ಟ ಮಗನಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಒಳ್ಳೆಯವನಾಗಿಯೇ ಇದನ್ನು ಮಾಡಿದ್ದೀ, ಅದಕ್ಕೇ ನನ್ನ ಹೊಟ್ಟೆ ಉರಿಯುತ್ತದೆ. ನೇಕಾರರ ಮನೆಯಲ್ಲಿ ಹುಟ್ಟಿದವನು ನೀನು. ಒಂದು ಎಳೆ ತಪ್ಪು ಬಿದ್ದರೆ ನಿಮ್ಮಪ್ಪ ಅಷ್ಟನ್ನೂ ಬಿಚ್ಚುತ್ತಾರೆ, ಕೊಳ್ಳುವವರಿಗೆ ಎಲ್ಲಿ ಗೊತ್ತಾಗುತ್ತದೆ ಎಂದು ಮುಂದೆ ನೇಯ್ದದ್ದನ್ನು ನಾನು ನೋಡಿಲ್ಲ. ನಿನಗೆ ಬಿಚ್ಚುವ ಬೇಸರ. ಒಬ್ಬ ಹೆಂಗಸು ಕಡಿಮೆ ಬಿದ್ದಳೆಂದು ಇದ್ದ ಹೆಂಡತಿಯನ್ನೇ ಇಲ್ಲದವಳನ್ನಾಗಿ ಮಾಡಿದೆ. ಅವಳ ಜೀವಮಾನದ ಒಂದೇ ಹೆಮ್ಮೆಯನ್ನು ಎಲ್ಲರ ಎದುರು ಕೊಡದ ನೀರಿಗೆ ಹಾಕಿದೆ.

ನಿಮ್ಮಪ್ಪ ಆಶೀರ್ವಾದ ಹೇಳಿದ್ದಾರೆ ಎಂದು ಬರೆಯುವುದು ವಾಡಿಕೆ. ಖರೆ ಹೇಳಬೇಕೆಂದರೆ ವಿಷಯ ತಿಳಿದಾಗಿನಿಂದ ಅವರು ನಿನ್ನ ಹೆಸರೆತ್ತಿಲ್ಲ. ಸಬೀನಾ ಮಾತ್ರ ನೀನು ಯಾವಾಗ ಬರುತ್ತೀ ಎಂದು ಕೇಳುತ್ತಿರುತ್ತಾಳೆ. ದೇವರು ನಿನಗೆ ಆರೋಗ್ಯ ಕೊಡಲಿ, ಬುದ್ಧಿಯನ್ನು ನಾನೇ ಕೊಟ್ಟು ನೋಡುತ್ತಿದ್ದೇನೆ. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನನ್ನು ಹೆತ್ತ
ಮಲ್ಲವ್ವ

ತಾ.ಕ.: ಬಸ್ಸಿನ ಹೊತ್ತಾಯಿತು, ಗಡಬಡಿಸಿ ಬರೆಯುತ್ತಿದ್ದೇನೆ. ಈ ಕಾಗದಕ್ಕೆ ಅಂಚೆಚೀಟಿ ಇಲ್ಲದ್ದನ್ನು ನೋಡಿರಬೇಕು. ಇದನ್ನು ಸಂಜೆ ನಿಮ್ಮ ಹಾಸ್ಟೆಲ್ಲಿನ ವಾಚಮನ್ ಕೈಯಲ್ಲಿ ಕೊಟ್ಟುಹೋದವಳು ಅನುರಾಧಾ. ಚೌತಿಗೂ ಬರದೆ ನೀನು ಹುಡುಗರ ತಂಡ ಕರೆದುಕೊಂಡು ಹೊರರಾಜ್ಯಕ್ಕೆ ಹೋಗಿದ್ದ ವಾರ ನಾವಿಬ್ಬರೂ ನಿಮ್ಮ ಮೈದಾನಕ್ಕೆ ಬಂದು ಹೋದೆವು. ಪ್ರವೇಶ ಪರೀಕ್ಷೆಯಲ್ಲಿ ಓಡಿದಳು, ನಿಮ್ಮಲ್ಲೇ ಬಿ.ಪಿ.ಎಡ್ ಸೀಟು ಸಿಕ್ಕಿದೆ, ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ಜಾಗವೂ ಸಿಕ್ಕಿದೆ. ಇಲ್ಲಿ ನೂಲು ಸುತ್ತಲು ಸಬೀನಾ ಬರುತ್ತಾಳೆ, ನಮ್ಮ ಚಿಂತೆ ಬೇಡ. ನಾಳೆ ಹೊಸಬರ ಹಾಜರಿ ಕರೆಯುವವನು ನೀನೇ ಅಂತೆ. ಓಟದ ಸರ್ಟಿಫಿಕೇಟುಗಳಲ್ಲಿ ಇದ್ದ ಹಾಗೆಯೇ ಪಟ್ಟಿಯಲ್ಲೂ ಆಕೆಯ ಹೆಸರಿನ ಮುಂದೆ ಪುಂಡಲೀಕಪ್ಪನ ಹೆಸರಿದೆ, ನಿನ್ನ ಹೆಸರಿಲ್ಲದ ಕಡೆ ಹೆಂಡತಿಯನ್ನು ಹುಡುಕುವವನಲ್ಲ ನೀನು, ಅದಕ್ಕೇ ಓದಿದ್ದರೂ ಗುರುತು ಹಿಡಿದಿರಲಿಕ್ಕಿಲ್ಲ. ಹಾಜರಿ ಮುಗಿದ ಕೂಡಲೇ ಆಕೆ ನಿನ್ನ ಗೈಡ್ ಸಾಹೇಬರ ಕೋಣೆಗೆ ಹೋಗುತ್ತಾಳೆ, ಆರನೇ ನಂಬರಿನವಳು ಓಡಿದವಳು, ಲೆಕ್ಕದಿಂದ ತೆಗೆಯಿರಿ ಎಂದು ಹೇಳಲು. ಅದರಿಂದ ನಿನ್ನ ಪಿಎಚ್.ಡಿ ಒಂದು ವರ್ಷ ಹಿಂದೆ ಬಿದ್ದರೂ ಬೀಳಬಹುದು, ಅದು ಆಕೆಗೂ ಗೊತ್ತಿದೆ, ನನಗೂ ಗೊತ್ತಿದೆ. ಆಕೆಗಿಂತ ಮುಂಚೆ ನೀನೇ ಹೋಗಿ ಹೇಳಿದರೆ ನಿನ್ನ ಮಾನ ನಿನ್ನ ಕೈಯಲ್ಲಿ ಉಳಿಯುತ್ತದೆ. ಹೋಗುವುದಾದರೆ ಜಲ್ದಿ ಹೋಗು, ಆಕೆ ನಿನಗಿಂತ ಜೋರಾಗಿ ಓಡುತ್ತಾಳೆ.