ಗುಳಿಗೆಯ ಜೊತೆ ಬರೆದುಕೊಟ್ಟ ಸಿಳ್ಳೆ

ಅಪ್ಪಾ,

ಹೋದ ತಿಂಗಳು ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸುವಾಗ ನೀರೆಲ್ಲ ಬಲಗಡೆಯಿಂದ ಸೋರಿತು. ಬಲಗಣ್ಣೂ ಮುಚ್ಚಲಿಲ್ಲ. ಲಕ್ವಾ ಹೊಡೆಯಿತೆಂದು ಅವ್ವ ಅಳುತ್ತಲೇ ನನ್ನನ್ನು ಕೂಡ್ಲಿಗಿಗೆ ಕರೆದೊಯ್ದಳು. ಡಾಕ್ಟರು ಹುಬ್ಬು ಎತ್ತಿಸಿ ನೋಡಿದರು.

"ಲಕ್ವಾ ಅಲ್ಲವ್ವಾ. ಮುಖದ ನರಕ್ಕ ಬಾವು ಬಂದೈತಿ, ವೈರಸ್‌ನಿಂದ ಇರಬಹುದು. ಲಗೂನ ಬಂದೀರಿ, ಗುಣ ಆಗ್ತೈತಿ."

ಗುಳಿಗೆ, ಕಣ್ಣಿಗೆ ಹನಿ, ಮಲಗುವಾಗ ರೆಪ್ಪೆಗೆ ಪಟ್ಟಿ ಕೊಟ್ಟರು. ಸ್ವಲ್ಪ ಚೇತರಿಸಿಕೊಂಡ ಮೇಲೆ ದಿನಾ ನಗುವುದು, ಸಿಳ್ಳೆ ಹಾಕುವುದು ರೂಢಿ ಮಾಡಬೇಕಂತೆ.

"ಹೆಣ್ಣುಹುಡುಗಿ ಸಿಳ್ಳಿ ಹಾಕೋದೇನ್ರಿ?" ಎಂದಳು ಅವ್ವ.

"ಅದೂ ಒಂದು ಗುಳಿಗಿ ಅಂತ ತಿಳ್ಕೋರಿ."

ಗುಡೇಕೋಟೆ ಗುಡ್ಡದಲ್ಲಿ ಕುರಿ ಕಾಯುವಾಗ ನೀನೇ ನನಗೆ ಸಿಳ್ಳೆ ಕಲಿಸಿದ್ದೆಯೆಂದು ನಾನು ಹೇಳಲಿಲ್ಲ. ನಾನು ಕಾಲೇಜು ಸೇರಿದ ಮೇಲೆ ನಾವಿಬ್ಬರೂ ಅದರ ಮಾತೆತ್ತಿರಲಿಲ್ಲ. ನೀನು ತೀರಿಕೊಂಡ ಮೇಲೆ ನಮ್ಮ ಕುರಿಗಳನ್ನು ಮೈಲಾರೇಶಣ್ಣ ಕಾಯುತ್ತಾನೆ; ಅವನಿಗೆ ಸಿಳ್ಳೆಯೇ ಬರುವುದಿಲ್ಲ.

ಇವತ್ತು ಸಂಜೆ ಕುರಿಗಳ ಹತ್ತಿರ ಒಬ್ಬಳೇ ನಿಂತು ತುಟಿ ಕೂಡಿಸಿದೆ. ಮೊದಲು ಬರೀ ಗಾಳಿ. ಆಮೇಲೆ ಸಣ್ಣಗೆ, ಸೊಟ್ಟಗೆ, ನಿನ್ನದೇ ಸಿಳ್ಳೆ ಬಂತು. ಕುರಿಗಳು ಒಟ್ಟಿಗೆ ತಲೆಯೆತ್ತಿ, ನನ್ನನ್ನು ದಾಟಿ ಹಿಂದಿನ ದಾರಿಯನ್ನು ನೋಡುತ್ತ ನಿಂತವು.

ನಾನೂ ತಿರುಗಿ ನೋಡಿದೆ.